ಗ್ರೀನ್ ಟೀ ಕಂದಾಗುವುದಕ್ಕೆ ಕುದಿಸುವುದೊಂದೇ ಕಾರಣವಲ್ಲ

ಓದುಗರ ಪ್ರಶ್ನೆ: ತಿಪಟೂರಿನ ಹತ್ತಿರ ನಾವು ಐದು ಜನ ಹೆಂಗಸರು ಸೇರಿ ಸಣ್ಣದೊಂದು ತಿಂಡಿ ಘಟಕ ನಡೆಸುತ್ತಿದ್ದೇವೆ. ಈ ಬೇಸಿಗೆಯಿಂದ ಗ್ರೀನ್ ಟೀ–ನಿಂಬೆ ಪಾನೀಯ ಮಾಡಿ 200 ಎಂಎಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾರುತ್ತಿದ್ದೇವೆ. ಕೊಳವೆಬಾವಿ ನೀರಿಗೆ ಟೀ ಸೊಪ್ಪು, ಬೆಲ್ಲ ಹಾಕಿ ಹದಿನೈದು ನಿಮಿಷ ಕುದಿಸಿ, ಸೋಸಿ, ಆರಿದ ಮೇಲೆ ಸ್ವಲ್ಪ ನಿಂಬೆರಸ ಹಿಂಡಿ ತುಂಬುತ್ತೇವೆ. ಮಾಡಿದ ದಿನವೇ ಬಣ್ಣ ಮಂಕಾಗಿರುತ್ತದೆ. ಮೂರು ವಾರಕ್ಕೆಲ್ಲ ಕಷಾಯದ ಹಾಗೆ ಕಂದಾಗುತ್ತದೆ, ಅಡಿಯಲ್ಲಿ ಗಸಿ ನಿಲ್ಲುತ್ತದೆ. "ಇಷ್ಟು ಕುದಿಸಿದ ಮೇಲೆ ಅದರಲ್ಲಿ ಆಂಟಿಆಕ್ಸಿಡೆಂಟ್ ಎಲ್ಲಿ ಉಳಿದಿರುತ್ತೆ?" ಎಂದು ಗಿರಾಕಿಯೊಬ್ಬರು ಕೇಳಿದರು. ಪರಿಚಯದ ಬೇಕರಿಯವರು ಒಂದು ಚಿಟಿಕೆ ಸೋಡಾ ಹಾಕಿದರೆ ಹಸಿರು ನಿಲ್ಲುತ್ತದೆ ಎನ್ನುತ್ತಾರೆ, ಇನ್ನೊಬ್ಬರು ವಿಟಮಿನ್ ಸಿ ಹಾಕಿ ಎನ್ನುತ್ತಾರೆ. ರಾಗಿ ಬಿಸ್ಕತ್ತಿಗೂ ಗ್ರೀನ್ ಟೀ ಪುಡಿ ಸೇರಿಸುವ ಯೋಚನೆ ಇದೆ. ಪುಡಿ ಒಂದೇ ಸಲ ಐದು ಕೆಜಿ ಕೊಂಡರೆ ಅಗ್ಗ. ಎಷ್ಟು ದಿನ ಇಡಬಹುದು? ನಿಜವಾಗಿ ಏನು ಮಾಡಬೇಕು?

ಉತ್ತರ:

ಬಣ್ಣ, ಸತ್ವದ ವಿಷಯಕ್ಕೆ ಹೋಗುವ ಮೊದಲು ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಮಾತು ಹೇಳುತ್ತೇನೆ: "ಆರಿದ ಮೇಲೆ ಸ್ವಲ್ಪ ನಿಂಬೆರಸ ಹಿಂಡಿ ತುಂಬುತ್ತೇವೆ." ಎಷ್ಟು ನಿಂಬೆ, ಅದರಿಂದ ಪಿಎಚ್ ಎಷ್ಟಕ್ಕೆ ಬಂತು ಎಂಬ ಲೆಕ್ಕ ಎಲ್ಲೂ ಇಲ್ಲ. ಪಿಎಚ್ ಎಂದರೆ ಹುಳಿಯ ಅಳತೆ: 7ಕ್ಕಿಂತ ಎಷ್ಟು ಕೆಳಗೋ ಅಷ್ಟು ಹುಳಿ, 7ಕ್ಕಿಂತ ಮೇಲಾದರೆ ಕ್ಷಾರ. ಬರೀ ಗ್ರೀನ್ ಟೀಯ ಪಿಎಚ್ ಸಾಮಾನ್ಯವಾಗಿ 5.5ರಿಂದ 6ರ ಆಸುಪಾಸು. ಮುಚ್ಚಿದ ಬಾಟಲಿಯಲ್ಲಿ ಪಿಎಚ್ 4.6ಕ್ಕಿಂತ ಮೇಲಿದ್ದರೆ ಬಾಟ್ಯುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವಿದೆ, ಬರೀ ಕುದಿತಕ್ಕೆ ಅದರ ಬೀಜಾಣು ಸಾಯುವುದಿಲ್ಲ. ಆರಿದ ಪಾನೀಯವನ್ನು ಆರಿದ ಬಾಟಲಿಗೆ ತುಂಬಿದರೆ ಯೀಸ್ಟ್, ಬೂಷ್ಟುಗಳಿಗೂ ಬಾಗಿಲು ತೆರೆದ ಹಾಗೆ. ಪಿಎಚ್ ಅಳೆಯದೆ ಇನ್ನೊಂದು ತಂಡ (ಒಂದು ಸಲಕ್ಕೆ ಮಾಡಿದಷ್ಟು ಪಾನೀಯ) ಮಾರುಕಟ್ಟೆಗೆ ಬಿಡಬೇಡಿ. ಕೈಯಲ್ಲಿ ಹಿಡಿಯುವ ಸಣ್ಣ ಪಿಎಚ್ ಮೀಟರ್ ಸಾಕು. ಅದರ ಜೊತೆ ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣವೂ ಬೇಕು. ವಾರಕ್ಕೊಮ್ಮೆಯಾದರೂ ಅದರಲ್ಲಿ ಅದ್ದಿ ಸರಿಮಾಡಿಕೊಳ್ಳದ ಮೀಟರ್ ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಪಾನೀಯವನ್ನು ಕ್ಷೇಮವಾಗಿಡುವ ಹುಳಿಯೇ ಅದರ ಆಂಟಿಆಕ್ಸಿಡೆಂಟನ್ನೂ ಕಾಪಾಡುತ್ತದೆ.

ಇನ್ನು ಗಿರಾಕಿಯ ಪ್ರಶ್ನೆ. ಕುದಿಸಿದರೆ ಎಲ್ಲ ಹೋಯಿತು ಎನ್ನುವುದು ಅರ್ಧ ಸತ್ಯ ಕೂಡ ಅಲ್ಲ. ಗ್ರೀನ್ ಟೀಯ ಮುಖ್ಯ ಆಂಟಿಆಕ್ಸಿಡೆಂಟುಗಳೆಂದರೆ ಕ್ಯಾಟೆಚಿನ್‌ಗಳು. ಅವುಗಳಲ್ಲಿ ಹೆಚ್ಚಿನ ಪಾಲು ಇಜಿಸಿಜಿಯದು. ಗ್ರೀನ್ ಟೀಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11287ರ ಪ್ರಕಾರ ಒಣ ಸೊಪ್ಪಿನಲ್ಲಿ ಕನಿಷ್ಠ ಶೇ 7ರಷ್ಟು ಕ್ಯಾಟೆಚಿನ್ ಇರಬೇಕು. ಒಳ್ಳೆಯ ಸೊಪ್ಪಿನಲ್ಲಿ ಶೇ 10 ದಾಟುತ್ತದೆ. ಹಸಿ ಎಲೆ ಕಿತ್ತ ಕೂಡಲೇ ಜಪಾನಿನಲ್ಲಿ ಹಬೆಗೆ ಹಿಡಿಯುತ್ತಾರೆ, ಚೀನಾದಲ್ಲಿ ಬಾಣಲೆಯಲ್ಲಿ ಹುರಿಯುತ್ತಾರೆ. ಎಲೆಯನ್ನು ಕಪ್ಪು ಮಾಡುವ ಕಿಣ್ವ ಆ ಬಿಸಿಗೆ ಸಾಯುತ್ತದೆ. ಅಂದರೆ ಕ್ಯಾಟೆಚಿನ್ ಎಲೆಯಲ್ಲಿ ಉಳಿದಿರುವುದೇ ಬಿಸಿಯ ದಯೆಯಿಂದ.

ಅತಿ ಬಿಸಿಯಲ್ಲಿ ಆಗುವುದು ಎರಡು ಕೆಲಸ. ಒಂದು, ಇಜಿಸಿಜಿಯ ಅಣು ಕನ್ನಡಿಯೊಳಗಿನ ಕೈಯ ಹಾಗೆ ಒಂದು ಕಡೆ ಮಗ್ಗುಲು ಬದಲಿಸಿ ಜಿಸಿಜಿ ಎಂಬ ಜೋಡಿರೂಪವಾಗುತ್ತದೆ. ಅಂಗಡಿಯಲ್ಲಿ ಸಿಗುವ ಡಬ್ಬಿ ಟೀಗಳಲ್ಲಿ ಜಿಸಿಜಿ ಹೆಚ್ಚಿರುವುದು ಇದರಿಂದಲೇ. ಇದು ನಷ್ಟವಲ್ಲ, ರೂಪಾಂತರ. ಜಿಸಿಜಿಯೂ ಕ್ಯಾಟೆಚಿನ್ನೇ. ಇನ್ನೊಂದು ನಿಜವಾದ ನಷ್ಟ: ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಒಂದಕ್ಕೊಂದು ಅಂಟಿ, ಕಂದು ವಸ್ತುವಾಗುವುದು. ಈ ನಷ್ಟದ ವೇಗ ತೀರ್ಮಾನವಾಗುವುದು ಬಿಸಿಗಿಂತ ಹೆಚ್ಚಾಗಿ ಪಿಎಚ್‌ನಿಂದ. ಹುಳಿ ದ್ರಾವಣದಲ್ಲಿ, ಪಿಎಚ್ 4ಕ್ಕಿಂತ ಕೆಳಗೆ, ಕ್ಯಾಟೆಚಿನ್ ಅಲುಗಾಡದೆ ಕೂರುತ್ತದೆ. ಪಿಎಚ್ 8 ದಾಟಿದರೆ ಬಿಸಿಯೇ ಇಲ್ಲದಿದ್ದರೂ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದರಲ್ಲೂ ಮೊದಲು ಹೋಗುವುದು ಇಜಿಸಿಜಿ ಮತ್ತು ಇಜಿಸಿ ಎಂಬ ಇನ್ನೊಂದು ಕ್ಯಾಟೆಚಿನ್, ನೀವು ಉಳಿಸಬೇಕೆಂದಿರುವವೇ.

ಮಾತಿಗಿಂತ ಕಣ್ಣಿಗೆ ಕಂಡರೆ ಚೆನ್ನ. ಬಿಸಿ ಗ್ರೀನ್ ಟೀ ಸೋಸಿ ನಾಲ್ಕು ಗಾಜಿನ ಲೋಟಕ್ಕೆ ಹಾಕಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಐದಾರು ಹನಿ ನಿಂಬೆರಸ, ಮೂರನೆಯದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ನಾಲ್ಕನೆಯದಕ್ಕೆ ತುಕ್ಕು ಹಿಡಿದ ಮೊಳೆಯೊಂದನ್ನು ಇಳಿಬಿಡಿ. ನಿಂಬೆ ಬಿದ್ದ ಲೋಟ ತಿಳಿ ಹಳದಿಯಾಗಿ ಹಾಗೇ ನಿಲ್ಲುತ್ತದೆ. ಸೋಡಾ ಬಿದ್ದದ್ದು ನೋಡುನೋಡುತ್ತಿದ್ದಂತೆ ಕೆಂಪು ಮಿಶ್ರಿತ ಕಂದಾಗುತ್ತದೆ. ಮೊಳೆಯ ಸುತ್ತ ಬೂದುಗಪ್ಪು ಹಬ್ಬುತ್ತದೆ. ನಿಮ್ಮ ಘಟಕದಲ್ಲಿ ನಡೆಯುತ್ತಿರುವುದು ಮೂರು ಮತ್ತು ನಾಲ್ಕನೇ ಲೋಟದ ಕಥೆಯೇ, ಸ್ವಲ್ಪ ನಿಧಾನವಾಗಿ. (ಮೊಳೆಯ ಲೋಟವನ್ನು ಆಮೇಲೆ ಚೆಲ್ಲಿಬಿಡಿ.)

ಸೋಡಾ ಹಾಕದಿದ್ದರೂ ಹೇಗೆ ಎಂದು ಕೇಳಬಹುದು. ಆ ಕೆಲಸವನ್ನು ನಿಮ್ಮ ನೀರೇ ಮಾಡುತ್ತಿದೆ. ಆ ಕಡೆಯ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡುಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದರಲ್ಲಿ ಬೈಕಾರ್ಬೊನೇಟ್ ಹೇರಳವಾಗಿದೆ ಎಂದೇ ಅರ್ಥ. ಅಂಥ ನೀರು ಕುದಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರುತ್ತದೆ. ತಣ್ಣಗಿದ್ದಾಗ 7.5 ತೋರಿಸಿದ ನೀರು ಕುದಿದ ಮೇಲೆ 8 ದಾಟುವುದು ಹೊಸದೇನಲ್ಲ. ಅದರೊಳಗೆ ಸೊಪ್ಪು ಹಾಕಿ ಹದಿನೈದು ನಿಮಿಷ ಕುದಿಸುವುದು ಎಂದರೆ ಕ್ಯಾಟೆಚಿನ್ನಿಗೆ ಕ್ಷಾರ, ಬಿಸಿ, ಗಾಳಿ ಮೂರನ್ನೂ ಒಟ್ಟಿಗೆ ಉಣಿಸಿದಂತೆ. ನಿಂಬೆ ಬರುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಆಮೇಲೆ ಎಷ್ಟು ಹಿಂಡಿದರೂ ಹೋದದ್ದು ಬರುವುದಿಲ್ಲ.

ಎರಡನೇ ಆರೋಪಿ ಬೆಲ್ಲ. ಇದನ್ನು ಹೇಳಿದರೆ ಬೇಸರವಾಗಬಹುದು, ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಎಂದೇ ನೀವು ಹಾಕಿರುತ್ತೀರಿ. ಆದರೆ ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಹಾಕುವ ರೂಢಿ ಇದೆ, ಕಾಯಿಸುವುದು ಕಬ್ಬಿಣದ ಕೊಪ್ಪರಿಗೆಯಲ್ಲಿ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಊಟದ ಎಲೆಯಲ್ಲಿ ಗುಣ, ಗ್ರೀನ್ ಟೀ ಬಾಟಲಿಯಲ್ಲಿ ದೋಷ. ಕಬ್ಬಿಣ, ತಾಮ್ರದ ಅಯಾನುಗಳು ಕ್ಯಾಟೆಚಿನ್ ಆಕ್ಸಿಡೀಕರಣಕ್ಕೆ ಚಿಟಿಕೆ ಹೊಡೆದ ಹಾಗೆ ವೇಗ ಕೊಡುತ್ತವೆ, ಕಬ್ಬಿಣವಂತೂ ಅದರೊಂದಿಗೆ ಸೇರಿ ಕಪ್ಪು ಬಣ್ಣವನ್ನೇ ಕಟ್ಟುತ್ತದೆ. ಮಾಡಿದ ದಿನವೇ ಬಣ್ಣ ಮಂಕಾಗಿರುವುದಕ್ಕೆ ಬೆಲ್ಲದ ಸ್ವಂತ ಬಣ್ಣದ ಜೊತೆ ಇದೂ ಕಾರಣ. ಬೆಲ್ಲವೇ ನಿಮ್ಮ ಗುರುತು ಎಂದಾದರೆ ಅದನ್ನು ಕಾಳುಮೆಣಸು–ಶುಂಠಿ ಪಾನಕಕ್ಕೆ ಇಟ್ಟುಕೊಳ್ಳಿ, ಅಲ್ಲಿ ಅದಕ್ಕೆ ಸಾಟಿಯಿಲ್ಲ. ಗ್ರೀನ್ ಟೀಗೆ ಬಿಳಿ ಸಕ್ಕರೆ ಹಾಕಿ, ಕಡಿಮೆ ಹಾಕಿ. ಪಾತ್ರೆ, ಜರಡಿ, ಸೌಟು ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಬೇಡವೇ ಬೇಡ.

ಸೋಡಾ ಸಲಹೆ ಕೊಟ್ಟ ಬೇಕರಿಯವರು ಪೂರ್ತಿ ತಪ್ಪು ಹೇಳಿಲ್ಲ, ತಪ್ಪು ಜಾಗಕ್ಕೆ ಹೇಳಿದ್ದಾರೆ. ಸೊಪ್ಪಿನ ಪಲ್ಯಕ್ಕೆ ಸೋಡಾ ಹಾಕಿದರೆ ಹಸಿರು ನಿಲ್ಲುತ್ತದೆ, ಏಕೆಂದರೆ ಅಲ್ಲಿನ ಬಣ್ಣ ಕ್ಲೋರೊಫಿಲ್. ಕ್ಲೋರೊಫಿಲ್‌ಗೆ ಹುಳಿ ಆಗದು: ಹುಳಿ, ಬಿಸಿ ಸೇರಿದರೆ ಮಾಸಲು ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಕ್ಯಾಟೆಚಿನ್ನಿಗೆ ಕ್ಷಾರ ಆಗದು. ಎರಡರ ಸ್ವಭಾವ ತದ್ವಿರುದ್ಧ. ಆದ್ದರಿಂದ ಹಸಿರು ಬಣ್ಣವನ್ನು ನೋಡಿ ಸತ್ವ ಅಳೆಯಲು ಹೋದರೆ ಮೋಸ ಹೋಗುತ್ತೀರಿ. ನಿಂಬೆ ಹಾಕಿದ ಮಂಕು ಹಳದಿ ಪಾನೀಯದಲ್ಲಿ ಕ್ಯಾಟೆಚಿನ್ ಪೂರ್ತಿ ಇರಬಹುದು, ಸೋಡಾ ಹಾಕಿದ ಹಚ್ಚ ಹಸಿರು ಕೇಕಿನಲ್ಲಿ ಹೆಚ್ಚಿನದು ಹೋಗಿರಬಹುದು. ಸೋಸಿದ ಟೀಯಲ್ಲಂತೂ ಕ್ಲೋರೊಫಿಲ್ ಇರುವುದೇ ಅತ್ಯಲ್ಪ, ಅದು ನೀರಿಗೆ ಇಳಿಯುವುದಿಲ್ಲ. ಅಲ್ಲಿ ಕಾಣುವ ಹೊಂಬಣ್ಣ ಬೇರೆ ಫ್ಲೇವನಾಯ್ಡ್‌ಗಳದ್ದು. ಸೋಡಾ ಹಾಕಿದರೆ ಬಣ್ಣವೂ ಇಲ್ಲ, ಸತ್ವವೂ ಇಲ್ಲ.

ಗಸಿಯ ಬಗ್ಗೆ ಒಂದು ಸಮಾಧಾನದ ಮಾತು. ಟೀ ತಣ್ಣಗಾದಾಗ ಕೆಫೀನ್, ಕ್ಯಾಟೆಚಿನ್, ಪ್ರೋಟೀನ್ ಒಟ್ಟುಗೂಡಿ ಮಬ್ಬು ಕಟ್ಟುತ್ತದೆ. ನೀರಿನ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟಾಗ ಮಬ್ಬು ಕರಗಿದರೆ ಅದು ಇದೇ, ಕೆಟ್ಟದ್ದಲ್ಲ. ಕರಗದಿದ್ದರೆ, ಮುಚ್ಚಳ ತೆರೆದಾಗ ಬುಸ್ಸೆಂದರೆ, ದೋಸೆ ಹಿಟ್ಟು ಹುದುಗಿದ ವಾಸನೆ ಬಂದರೆ ರುಚಿ ಕೂಡ ನೋಡದೆ ಚೆಲ್ಲಿ. ಆದರೆ ಬಾಟ್ಯುಲಿಸಂ ವಿಷಕ್ಕೆ ವಾಸನೆ, ಬಣ್ಣಗಳ ಸುಳಿವು ಇರಲೇಬೇಕೆಂದಿಲ್ಲ, ಅದನ್ನು ಮರೆಯಬೇಡಿ. ಪಿಎಚ್ ಒಂದೇ ಅಲ್ಲಿ ಕಾವಲು.

ಈಗ ಮಾಡುವ ಕ್ರಮ, ಹತ್ತು ಲೀಟರ್ ಲೆಕ್ಕದಲ್ಲಿ. ಆರ್‌ಒ ನೀರು ತೆಗೆದುಕೊಳ್ಳಿ, ಮೊದಲೇ ಒಂದು ಸಲ ಚೆನ್ನಾಗಿ ಕುದಿಸಿ. ಕುದಿತ ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಓಡಿಸುತ್ತದೆ. ಉರಿ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ 10 ಗ್ರಾಂ ನಿಂಬೆ ಉಪ್ಪು ಕರಗಿಸಿ, ಅಂದರೆ ಅಂಗಡಿಯಲ್ಲಿ ಸಿಗುವ ಆಹಾರ ದರ್ಜೆಯ ಸಿಟ್ರಿಕ್ ಆಮ್ಲ. ಆಮೇಲೆ 100 ಗ್ರಾಂ ಟೀ ಸೊಪ್ಪು ಹಾಕಿ ಮುಚ್ಚಿಡಿ. ನಾಲ್ಕರಿಂದ ಐದು ನಿಮಿಷ ಸಾಕು. ಇನ್ನೂ ಬಿಟ್ಟರೆ ಇಳಿಯುವುದು ಒಗರು ಮತ್ತು ಕಹಿ. ಸೊಪ್ಪಿಗಿಂತ ಮೊದಲು ಹುಳಿ ಹೋಗಬೇಕು ಎನ್ನುವುದೇ ಇಲ್ಲಿ ಮುಖ್ಯ, ಉಳಿದ ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಎರಡು ಪದರದ ಮಲ್ ಬಟ್ಟೆಯಲ್ಲಿ ಹಿಂಡದೆ ಸೋಸಿ. ಹಿಂಡಿದರೆ ಪುಡಿ ಇಳಿದು ಗಸಿ ಹೆಚ್ಚುತ್ತದೆ. ಸಕ್ಕರೆ ಕರಗಿಸಿ. ನಿಂಬೆರಸವನ್ನು ಕೊನೆಗೆ, ಪರಿಮಳಕ್ಕೆಂದು, ಲೀಟರಿಗೆ 10 ಎಂಎಲ್‌ನಿಂದ ಶುರುಮಾಡಿ ಸೇರಿಸಿ. ನಿಂಬೆಯನ್ನು ಬಹಳ ಹೊತ್ತು ಕಾಯಿಸಿದರೆ ಅದರ ತಾಜಾತನ ಹೋಗಿ ಕಹಿ ಎದ್ದುಬರುತ್ತದೆ, ಅದಕ್ಕೇ ಹುಳಿಯನ್ನು ಹೀಗೆ ಎರಡು ಕಂತಾಗಿ ಕೊಡುವುದು. ಒಂದು ಲೋಟ ತೆಗೆದು, ಕೋಣೆಯ ಉಷ್ಣತೆಗೆ ಆರಿಸಿ ಪಿಎಚ್ ನೋಡಿ: 3.5ರ ಆಸುಪಾಸು ಇರಲಿ, 4 ದಾಟಲೇಬಾರದು. ನಿಂಬೆಯ ಹುಳಿ ಮಳೆಗಾಲಕ್ಕೊಂದು ಬೇಸಿಗೆಗೊಂದು, ಆದ್ದರಿಂದ ಪ್ರತಿ ತಂಡಕ್ಕೂ ಅಳೆಯಬೇಕು. ಪುಸ್ತಕದಲ್ಲಿ ಬರೆದಿಡಿ.

ನಂತರ 88–90 ಡಿಗ್ರಿಗೆ ಬೇಗ ಏರಿಸಿ, ಎರಡು ನಿಮಿಷ ನಿಲ್ಲಿಸಿ, 85ಕ್ಕಿಂತ ಇಳಿಯುವ ಮೊದಲೇ ಬಿಸಿ ಮಾಡಿಟ್ಟ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಿ. ಬಾಟಲಿ ತಣ್ಣಗಿದ್ದರೆ ಸೀಳುತ್ತದೆ. ಮುಚ್ಚಿದ ಬಾಟಲಿಯನ್ನು ಮೂರು ನಿಮಿಷ ಮಗುಚಿಡಿ, ಮುಚ್ಚಳದ ಒಳಭಾಗವೂ ಬಿಸಿ ಉಣ್ಣಲಿ. ಆಮೇಲೆ ಮೊದಲು ಉಗುರುಬೆಚ್ಚಗಿನ, ಬಳಿಕ ತಣ್ಣೀರಿನಲ್ಲಿ ಆರಿಸಿ. ಬಿಸಿಯಲ್ಲೇ ಪೆಟ್ಟಿಗೆಗೆ ತುಂಬಿದರೆ ನಡುವಿನ ಬಾಟಲಿಗಳು ಗಂಟೆಗಟ್ಟಲೆ ಬೇಯುತ್ತಾ ಕೂರುತ್ತವೆ, ಅಲ್ಲೇ ಬಣ್ಣ ತಿರುಗುತ್ತದೆ. ಕಂಠದವರೆಗೆ ತುಂಬುವುದು ಜಿಪುಣತನ ಬಿಡಿ ಎಂದು ಹೇಳಲಿಕ್ಕಲ್ಲ: ಬಾಟಲಿಯ ತಲೆಯಲ್ಲಿ ಉಳಿದ ಗಾಳಿಯೇ ಮುಂದಿನ ಮೂರು ವಾರದ ಕಂದುಬಣ್ಣ. ದೊಡ್ಡ ಕಾರ್ಖಾನೆಗಳು ಆ ಜಾಗಕ್ಕೆ ಸಾರಜನಕ ಊದುತ್ತವೆ. ಜಪಾನಿನಲ್ಲಿ 1985ರಲ್ಲಿ ಇಟೊ ಎನ್ ಕಂಪನಿ ಡಬ್ಬಿಯ ಗ್ರೀನ್ ಟೀ ತಂದಾಗ ಗೆದ್ದದ್ದು ಹೀಗೆ ಆಮ್ಲಜನಕವನ್ನು ಹೊರಗಿಟ್ಟೇ. ನಿಮಗೆ ಆ ಯಂತ್ರ ಬೇಡ, ಬಿಸಿ ತುಂಬುವಾಗಿನ ಹಬೆ ಆ ಕೆಲಸದ ಬಹುಪಾಲು ಮಾಡುತ್ತದೆ.

ಪ್ಲಾಸ್ಟಿಕ್ಕೇ ಬೇಕೆಂದರೆ ತೊಡಕು ಎರಡು. ಸಾಮಾನ್ಯ ಪೆಟ್ ಬಾಟಲಿ 85 ಡಿಗ್ರಿಗೆ ಸೊಟ್ಟಗಾಗುತ್ತದೆ, ಬಿಸಿ ತುಂಬಲೆಂದೇ ಮಾಡಿದ ದಪ್ಪ ಪೆಟ್ ಬೇರೆ ಬರುತ್ತದೆ. ಅದಾದರೂ ಗೋಡೆಯ ಮೂಲಕ ಆಮ್ಲಜನಕವನ್ನು ನಿಧಾನವಾಗಿ ಒಳಗೆ ಬಿಡುತ್ತದೆ, 200 ಎಂಎಲ್‌ನಂಥ ಸಣ್ಣ ಬಾಟಲಿಯಲ್ಲಿ ಈ ಸೋರಿಕೆಯ ಪರಿಣಾಮ ಹೆಚ್ಚು. ಗಾಜಿನ ತೂಕ, ಒಡೆಯುವ ನಷ್ಟ ಇದ್ದರೂ ನಾನು ಗಾಜಿನ ಪಕ್ಷ. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಡಬೇಡಿ ಎಂದು ಅಂಗಡಿಯವರಿಗೂ ಹೇಳಿ.

ವಿಟಮಿನ್ ಸಿ ಹಾಕಬಹುದು, ಲೀಟರಿಗೆ 300 ಮಿಲಿಗ್ರಾಂ ಆಸುಪಾಸು. ಅದು ಆಮ್ಲಜನಕಕ್ಕೆ ತಾನೇ ಮೊದಲು ಬಲಿಯಾಗಿ ಕ್ಯಾಟೆಚಿನ್ನನ್ನು ಉಳಿಸುತ್ತದೆ. ಆದರೆ ಬಲಿಯಾದ ವಿಟಮಿನ್ ಸಿ ಕೂಡ ಕೊಳೆತು ಕಂದಾಗುತ್ತದೆ. ಬಾಟಲಿಯಲ್ಲಿ ಗಾಳಿ ಬಹಳವಿದ್ದರೆ ಅದು ಬೇಗ ಮುಗಿದುಹೋಗಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಗಾಳಿ ತಡೆದ ಮೇಲೆ ಹಾಕಿದರೆ ಮಿತ್ರ. ಗಾಳಿ ತಡೆಯುವ ಬದಲಿಗೆ ಹಾಕಿದರೆ ದುಡ್ಡು ದಂಡ. ನಿಂಬೆ ಮತ್ತು ವಿಟಮಿನ್ ಸಿಗೆ ಇನ್ನೊಂದು ಲಾಭವಿದೆ: ನಮ್ಮ ಸಣ್ಣ ಕರುಳಿನೊಳಗೆ ಪಿಎಚ್ 7ರ ಹತ್ತಿರ ಇರುವುದರಿಂದ ಕುಡಿದ ಕ್ಯಾಟೆಚಿನ್ ಅಲ್ಲೇ ಬಹಳಷ್ಟು ಹಾಳಾಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಯೋಗಾಲಯದ ಕೃತಕ ಜೀರ್ಣಕ್ರಿಯೆಯಲ್ಲಿ ನೋಡಿದಾಗ ಬರೀ ಗ್ರೀನ್ ಟೀಯಲ್ಲಿ ಶೇ 20ಕ್ಕಿಂತ ಕಡಿಮೆ ಉಳಿದಿತ್ತು, ನಿಂಬೆಜಾತಿಯ ಹಣ್ಣಿನ ರಸ ಸೇರಿಸಿದಾಗ ಹಲವು ಪಟ್ಟು ಹೆಚ್ಚು ಉಳಿಯಿತು. ಇದು ಗಾಜಿನ ಪಾತ್ರೆಯ ಫಲಿತಾಂಶ, ಮನುಷ್ಯರ ಹೊಟ್ಟೆಯದಲ್ಲ. ಲೇಬಲ್ ಮೇಲೆ ಹಾಕಿಕೊಳ್ಳಬೇಡಿ.

ಮಾರಾಟದ ಅವಧಿಯನ್ನು ನಾನು ಇಲ್ಲಿಂದ ಹೇಳಲಾಗದು. ಪ್ರತಿ ತಂಡದ ಆರು ಬಾಟಲಿ ಎತ್ತಿಟ್ಟು, ಅರ್ಧ ಫ್ರಿಜ್ಜಿನಲ್ಲಿ ಅರ್ಧ ಹೊರಗೆ ಕತ್ತಲಲ್ಲಿ, ವಾರಕ್ಕೊಮ್ಮೆ ಬಣ್ಣ, ವಾಸನೆ, ಪಿಎಚ್ ನೋಡಿ. ಸೂಕ್ಷ್ಮಜೀವಿ ಪರೀಕ್ಷೆಯನ್ನು ಮಾನ್ಯತೆ ಇರುವ ಪ್ರಯೋಗಾಲಯದಲ್ಲೇ ಮಾಡಿಸಬೇಕು. ಅಲ್ಲಿಯವರೆಗೆ ಫ್ರಿಜ್ಜಿನಲ್ಲೇ ಇಟ್ಟು ಮಾರಿ.

ಬಿಸ್ಕತ್ತಿನ ಕಥೆ ಬೇರೆ. ಯೀಸ್ಟ್ ಹಾಕಿದ ಬ್ರೆಡ್ಡಿನ ಹಿಟ್ಟು ತುಸು ಹುಳಿ, ಹಾಗಾಗಿ ಅಲ್ಲಿ ಕ್ಯಾಟೆಚಿನ್ ಚೆನ್ನಾಗಿ ಉಳಿಯುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಒಲೆಯಿಂದ ಇಳಿದ ಬ್ರೆಡ್ಡಿನಲ್ಲೂ ಇಜಿಸಿಜಿ ಶೇ 80ರ ಮೇಲೆಯೇ ಉಳಿದಿತ್ತು. ಬಿಸ್ಕತ್ತಿಗೆ ಸೋಡಾ, ಕೆಲವು ಬೇಕರಿಗಳಲ್ಲಿ ಅಮೋನಿಯಾ ಕೂಡ ಹಾಕುತ್ತಾರೆ. ಹಿಟ್ಟು ಕ್ಷಾರವಾಗಿ ಅಲ್ಲಿ ನಷ್ಟ ಹೆಚ್ಚು. ಮಾಡುವುದೇ ಆದರೆ ಸೋಡಾ ಬದಲು ಹುಳಿ ಬೆರೆತ ಬೇಕಿಂಗ್ ಪೌಡರ್ ಬಳಸಿ. ಬೆಂದ ಬಿಸ್ಕತ್ತು 10 ಗ್ರಾಂ ಪುಡಿ ಮಾಡಿ 100 ಎಂಎಲ್ ಶುದ್ಧ ನೀರಿನಲ್ಲಿ ಕದಡಿ ಪಿಎಚ್ ನೋಡಿ, 7ಕ್ಕಿಂತ ಕೆಳಗಿರಲಿ. ಇನ್ನೂ ಸುಲಭದ ದಾರಿ, ಪುಡಿಯನ್ನು ಒಲೆಗೇ ಹಾಕದಿರುವುದು: ಎರಡು ಬಿಸ್ಕತ್ತಿನ ನಡುವಿನ ಕ್ರೀಮಿಗೆ ಬೆರೆಸಿ. ಅಲ್ಲಿ ನೀರಿಲ್ಲ, ಬಿಸಿಯಿಲ್ಲ, ಹಸಿರೂ ನಿಲ್ಲುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. 10 ಗ್ರಾಂ ಬಿಸ್ಕತ್ತಿನಲ್ಲಿ ಸುಮಾರು 6 ಗ್ರಾಂ ಹಿಟ್ಟು. ಹಿಟ್ಟಿನ ಶೇ 2ರಷ್ಟು ಟೀ ಪುಡಿ ಎಂದರೆ 0.12 ಗ್ರಾಂ, ಅದಕ್ಕಿಂತ ಹೆಚ್ಚಾದರೆ ಕಹಿ ನಾಲಿಗೆಗೆ ಸಿಗುತ್ತದೆ. ಪುಡಿಯಲ್ಲಿ ಶೇ 10 ಕ್ಯಾಟೆಚಿನ್ ಹಿಡಿದರೆ 12 ಮಿಲಿಗ್ರಾಂ. ಬೇಯುವಾಗ ಮೂರನೇ ಒಂದು ಭಾಗ ಹೋಯಿತೆನ್ನಿ, ಉಳಿದದ್ದು 8. ಎರಡು ಗ್ರಾಂ ಸೊಪ್ಪಿನ ಒಂದು ಕಪ್ ಟೀಯಲ್ಲಿ ಸಿಗುವ ಸುಮಾರು 80 ಮಿಲಿಗ್ರಾಂಗೆ ಹತ್ತು ಬಿಸ್ಕತ್ತು ತಿನ್ನಬೇಕು, ಅದರ ಸಕ್ಕರೆ, ಡಾಲ್ಡಾ ಸಮೇತ. ರುಚಿಗೆಂದು ಮಾರಿ, ಔಷಧಿಯೆಂದು ಬೇಡ. ರಾಗಿಯ ಜೊತೆಗಂತೂ ಇನ್ನೊಂದು ತಕರಾರು: ಟೀಯ ಪಾಲಿಫಿನಾಲ್‌ಗಳು (ಕ್ಯಾಟೆಚಿನ್ ಕೂಡ ಸೇರಿದ ಗುಂಪು) ಧಾನ್ಯದ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತವೆ. ರಾಗಿ ಬಿಸ್ಕತ್ತನ್ನು ಮಕ್ಕಳಿಗೂ ಬಾಣಂತಿಯರಿಗೂ ಕೊಳ್ಳುವವರಿರುವಾಗ ಅದಕ್ಕೆ ಟೀ ಬೆರೆಸುವುದು ನನಗೆ ಸರಿಕಾಣದು. ಮೈದಾ ಬೆಣ್ಣೆ ಬಿಸ್ಕತ್ತಿಗೆ ಹಾಕಿ.

ಪುಡಿಯ ಬದಲು ಸಾಂದ್ರ ಸಾರ ಹಾಕಿ ಅಂಕಿ ಏರಿಸುವ ಆಸೆ ಬಂದೀತು. ಅದು ಬೇಡ. ಪೂರಕ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿದೆ. ಕುಡಿಯುವ ಟೀಗೆ ಈ ಭಯ ಸಾಮಾನ್ಯವಾಗಿ ಇಲ್ಲ.

ಲೇಬಲ್ಲಿಗೆ "ಆಂಟಿಆಕ್ಸಿಡೆಂಟ್ ಭರಿತ" ಎಂದು ಬರೆಯಬೇಕಿದ್ದರೆ ಆಧಾರ ಬೇಕು, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆ ನಿಯಮಗಳು ಇದಕ್ಕೇ ಇವೆ. ಪರೀಕ್ಷೆ ಮಾಡಿಸುವಾಗ ಏನು ಕೇಳಬೇಕೆಂದು ಗೊತ್ತಿರಲಿ. ಒಟ್ಟಾರೆ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಅಥವಾ "ಒಟ್ಟು ಪಾಲಿಫಿನಾಲ್" ಪರೀಕ್ಷೆ ಅಗ್ಗ, ಆದರೆ ಹಾಕಿದ ವಿಟಮಿನ್ ಸಿ, ಬಿಸ್ಕತ್ತು ಕೆಂಪಗಾದಾಗ ಹುಟ್ಟಿದ ವಸ್ತು ಎಲ್ಲವೂ ಅದರಲ್ಲಿ ಸೇರಿ ಅಂಕಿ ಉಬ್ಬುತ್ತದೆ. ಕ್ಯಾಟೆಚಿನ್ ಉಳಿದಿದೆಯೇ ಎಂದು ತಿಳಿಯಲು ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದಲ್ಲಿ, ಜಿಸಿಜಿಯನ್ನೂ ಸೇರಿಸಿ, ಬಿಡಿಬಿಡಿಯಾಗಿ ಅಳೆಯಿರಿ ಎಂದು ಬರೆದುಕೊಡಿ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪರೀಕ್ಷೆಯ ಸೌಲಭ್ಯವಿದೆ, ವಿಚಾರಿಸಿ. ಮಾಡಿದ ದಿನದ ಬಾಟಲಿ ಮತ್ತು ಅವಧಿಯ ಕೊನೆಯ ದಿನದ ಬಾಟಲಿ ಎರಡನ್ನೂ ಕಳಿಸಿ. ಮೊದಲನೆಯದೊಂದನ್ನೇ ಕಳಿಸಿದರೆ ಗಿರಾಕಿ ಕುಡಿಯುವುದರ ಲೆಕ್ಕ ಸಿಗುವುದಿಲ್ಲ.

ಇನ್ನು ಐದು ಕೆಜಿ ಪುಡಿ. ಕೊಳ್ಳಬೇಡಿ. ಅಂಗಡಿಯ ಗ್ರೀನ್ ಟೀ ಸೊಪ್ಪನ್ನು ಕತ್ತಲಲ್ಲಿ, 20 ಡಿಗ್ರಿಯಲ್ಲಿ ಆರು ತಿಂಗಳು ಇಟ್ಟು ನೋಡಿದ ಅಧ್ಯಯನವೊಂದರಲ್ಲೇ ಇಜಿಸಿಜಿ ಸರಾಸರಿ ಕಾಲುಭಾಗಕ್ಕಿಂತ ಹೆಚ್ಚು ಇಳಿದಿತ್ತು. ಪುಡಿಗೆ ಗಾಳಿ ತಾಗುವ ಮೈ ಇನ್ನೂ ಹೆಚ್ಚು, ನಿಮ್ಮ ಊರಿನ ಬೇಸಿಗೆ 20 ಡಿಗ್ರಿಯದಲ್ಲ. ಪುಡಿಗೆ ತೇವಕ್ಕಿಂತಲೂ ಶೆಕೆಯೇ ದೊಡ್ಡ ಶತ್ರು, ಎರಡೂ ಸೇರಿದರೆ ಕೇಳುವುದೇ ಬೇಡ. ತಯಾರಿಸಿದ ದಿನಾಂಕ ನೋಡಿ, ಎರಡು ತಿಂಗಳಿಗೆ ಆಗುವಷ್ಟನ್ನೇ ನೀಲಗಿರಿಯ ಕಡೆಯಿಂದಲೋ ಎಲ್ಲಿಂದಲೋ ತರಿಸಿ. ಅಲ್ಯೂಮಿನಿಯಂ ಪದರದ ಚೀಲಗಳಲ್ಲಿ 250 ಗ್ರಾಂನಂತೆ ಹಂಚಿ, ಗಾಳಿ ಒತ್ತಿ ತೆಗೆದು, ಸೀಲ್ ಮಾಡಿ ಫ್ರಿಜ್ಜಿನಲ್ಲಿಡಿ. ಪಕ್ಕದಲ್ಲಿ ಮಸಾಲೆ, ಬೆಳ್ಳುಳ್ಳಿ ಬೇಡ, ಟೀ ವಾಸನೆ ಹೀರುತ್ತದೆ. ಬೇಕಾದಾಗ ಒಂದೇ ಚೀಲ ಹೊರತೆಗೆದು, ಮುಚ್ಚಿದಂತೆಯೇ ರಾತ್ರಿಯಿಡೀ ಹೊರಗಿಟ್ಟು, ಬೆಳಗ್ಗೆ ಚೀಲದ ಹೊರಮೈ ಒಣಗಿದ ಮೇಲೆ ಕತ್ತರಿ ಹಾಕಿ. ತಣ್ಣಗಿರುವಾಗಲೇ ತೆರೆದರೆ ಹೊರಗಿನ ತೇವವೆಲ್ಲ ಪುಡಿಯ ಮೇಲೆ ಇಬ್ಬನಿಯಾಗಿ ಕೂರುತ್ತದೆ, ವಾರದೊಳಗೆ ಗಂಟು ಕಟ್ಟುತ್ತದೆ. ತೆರೆದ ಚೀಲವನ್ನು ಮತ್ತೆ ಫ್ರಿಜ್ಜಿಗೆ ಸೇರಿಸಬೇಡಿ.